ನುಣುಪು ಬೇರೆ, ಹೊಳಪು ಬೇರೆ

ಕೃಷ್ಣೆ ತುಂಗಭದ್ರೆಗಳ ನಡುವಣ ದೋಆಬಿನಲ್ಲಿ, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಗೆ ಸೇರಿದ ಗೊರೇಬಾಳಕ್ಕೂ ಸಮುದ್ರಕ್ಕೂ ಯಾವ ನಂಟೂ ಇಲ್ಲ. ಇಲ್ಲಿಯವರಿಗೆ ನೀರೆಂದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು. ಅಲೆಯೆಂದರೆ ನಾಟಿಗೆ ಮುಂಚೆ ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಏಳುವ ಅಲೆ. ಹೀಗಿರುವಾಗ, ಕರಾವಳಿಯ ತರುಣರು ಕಡಲಿನ ತೆರೆಯನ್ನೇರಿ ನಿಂತು ದಡಕ್ಕೆ ಜಾರಿಬರುವ ಸರ್ಫ್ ಹಲಗೆಯ ಕುರಿತು, ಅದರಲ್ಲಿಯೂ ಉಜ್ಜಿ ಮಂಕಾಗಿಯೇ ಉಳಿಸಿದ ಹಲಗೆಯೊಂದನ್ನು ನೋಡುವವನ ಮುಖ ಕಾಣುವಷ್ಟು ಮಿರುಗುವ ಹಲಗೆಯನ್ನಾಗಿ ಮಾರ್ಪಡಿಸುವ ಕೈಗೆಲಸದ ಕುರಿತು, ಈ ಎರೆಭೂಮಿಯ ನಡುವೆ ಕುಳಿತು ಬರೆಯಹೊರಡುವುದು ವಿಲಕ್ಷಣವೆಂದು ಯಾರಿಗಾದರೂ ತೋರಿದರೆ ಆಕ್ಷೇಪಿಸುವಂತಿಲ್ಲ. ಆದರೆ ಆ ಹಲಗೆಯನ್ನು ಮೊಟ್ಟಮೊದಲು ಮರದಿಂದ ಕೆತ್ತಿ ತೆಗೆದ ಆಯುಧ ಯಾವುದೋ, ಅದರ ಸೋದರಸಂಬಂಧಿಯಾದ ಆಯುಧವು ಮಸ್ಕಿಯ ಸುತ್ತಣ ಗುಡ್ಡಗಳ ಬುಡದಲ್ಲಿ ಸಾವಿರಾರು ವರ್ಷಗಳಿಂದ ಬಿದ್ದುಕೊಂಡಿದೆ. ಒರಟಾದ ಮೈಯನ್ನು ನುಣುಪಾಗಿಸಿ, ನುಣುಪಾದುದನ್ನು ಹೊಳಪಾಗಿಸುವ ವಿದ್ಯೆಯನ್ನು ಈ ನೆಲ ಕಡಲತೀರದಿಂದ ಕಲಿಯಬೇಕಾದುದಿಲ್ಲ.

ಸರ್ಫ್ ಕ್ರೀಡೆಯ ತವರು ಶಾಂತಸಾಗರದ ಪಾಲಿನೇಶಿಯ ದ್ವೀಪಗಳು. ಅವುಗಳ ಪೈಕಿ ಹವಾಯಿಯಲ್ಲಿ ಅದು ರಾಜರೂ ಪ್ರಜೆಗಳೂ ಆಡುವ ಮಹಾವಿನೋದವಾಗಿ ಬೆಳೆಯಿತು. ಲೋಹದ ಉಪಕರಣಗಳನ್ನರಿಯದ ಆ ಜನರು ಕೋಆ ಮೊದಲಾದ ಮರಗಳನ್ನು ಕಡಿದದ್ದೂ, ಕಡಿದ ದಿಮ್ಮಿಯನ್ನು ಹಲಗೆಯ ಆಕಾರಕ್ಕೆ ತಂದದ್ದೂ ಕಲ್ಲಿನ ಬಾಚಿಯಿಂದ. ಮೌನಾ ಕೇಆ ಎಂಬ ಜ್ವಾಲಾಮುಖಿಯ ನೆತ್ತಿಗೆ ಸಮೀಪದಲ್ಲಿ, ಸುಮಾರು 12,000 ಅಡಿ ಎತ್ತರದ ಆ ಕೊರೆಯುವ ಚಳಿಯಲ್ಲಿ, ಬಾಚಿಗಳಿಗಾಗಿ ಬಸಾಲ್ಟ್ ಶಿಲೆಯನ್ನು ಒಡೆದು ತೆಗೆದ ಗಣಿಯ ಕುರುಹುಗಳು ಇಂದಿಗೂ ಉಳಿದಿವೆ. ಬಾಚಿಯ ಏಟಿನ ಗುರುತುಗಳನ್ನು ಹವಳದ ಪುಡಿಯಿಂದಲೂ ತರಿತರಿಯಾದ ಕಲ್ಲಿನಿಂದಲೂ ಉಜ್ಜಿ ಅಳಿಸಿ, ಬೇರು ತೊಗಟೆಗಳ ರಸದಿಂದಲೋ ಸುಟ್ಟ ಕಾಯಿಯ ಮಸಿಯಿಂದಲೋ ಬಣ್ಣವೇರಿಸಿ, ಕಟ್ಟಕಡೆಗೆ ಕುಕುಯಿ ಎಂಬ ಕಾಯಿಯ ಎಣ್ಣೆಯನ್ನು ತಿಕ್ಕಿ ಅವರು ಹಲಗೆಗೆ ಮೆರುಗು ಕೊಡುತ್ತಿದ್ದರು. ಆ ಎಣ್ಣೆ ನಮ್ಮ ಅಗಸೆ ಎಣ್ಣೆಯ ಜಾತಿಯದು. ಗಾಳಿ ತಾಗಿದಂತೆ ಒಣಗಿ, ಮರದ ಮೇಲೆ ತೆಳ್ಳನೆಯ ಪೊರೆಗಟ್ಟುವಂಥದು. ಉಜ್ಜುವುದು ಒಂದು ಕ್ರಿಯೆ, ಪೊರೆ ಹೊದಿಸುವುದು ಇನ್ನೊಂದು ಕ್ರಿಯೆ ಎಂಬ ಭೇದವನ್ನು ಹವಾಯಿಯ ಬಡಗಿ ಆಗಲೇ ಸ್ಪಷ್ಟವಾಗಿ ಬಲ್ಲವನಾಗಿದ್ದನು. ಇಂದಿನ ಹಲಗೆಯ ವಿಷಯದಲ್ಲಿ ಹೊಸಬರು ಎಡವುವುದು ಈ ಭೇದವನ್ನು ಮರೆತಾಗಲೇ.

ನಮ್ಮ ಸೀಮೆಯ ಕಲ್ಲಿನ ಕೊಡಲಿಗೆ ಬರೋಣ. ಬಸಾಲ್ಟ್ ಎಂಬುದು ಲಾವಾರಸವು ಹೊರಕ್ಕೆ ಹರಿದು ಬೇಗನೆ ತಣಿದಾಗ ಉಂಟಾಗುವ ಶಿಲೆ. ಅದೇ ದ್ರವ್ಯ ನೆಲದ ಬಿರುಕುಗಳಲ್ಲಿಯೇ ನಿಂತು ಸ್ವಲ್ಪ ನಿಧಾನವಾಗಿ ಹೆಪ್ಪುಗಟ್ಟಿದರೆ ಅದನ್ನು ಡಾಲರೈಟ್ ಎನ್ನುತ್ತಾರೆ. ರಾಯಚೂರು ಬಳ್ಳಾರಿ ಸೀಮೆಯ ಬೂದುಗೆಂಪಿನ ಗ್ರಾನೈಟ್ ಗುಡ್ಡಗಳನ್ನು ಅಡ್ಡಲಾಗಿ ಸೀಳಿಕೊಂಡು ಹೋಗುವ ಕರಿಗಲ್ಲಿನ ಪಟ್ಟಿಗಳು ಈ ಡಾಲರೈಟಿನವು. ನವಶಿಲಾಯುಗದ ದನಗಾಹಿಗಳೂ ರೈತರೂ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಿಂದ ಮೊದಲ್ಗೊಂಡು ಬಹುಕಾಲ ತಮ್ಮ ಕೊಡಲಿ ಬಾಚಿಗಳಿಗೆ ಆರಿಸಿಕೊಂಡದ್ದು ಇದನ್ನೇ. ಲಿಂಗಸುಗೂರಿನಲ್ಲಿ ಪ್ರಿಮ್‌ರೋಸ್ ಎಂಬ ವೈದ್ಯನಿಗೆ ಕಲ್ಲಿನ ಅಲಗುಗಳೂ ಬಾಣದ ಮೊನೆಗಳೂ ದೊರೆತದ್ದು 1842ರಷ್ಟು ಹಿಂದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1870ರಲ್ಲಿಯೂ 1888ರಲ್ಲಿಯೂ ಮಸ್ಕಿಯನ್ನು ಪರಿಶೀಲಿಸಿದನು. ಮುಂದೆ ಹೈದರಾಬಾದಿನ ಪುರಾತತ್ತ್ವ ಇಲಾಖೆ 1935ರಿಂದ 1937ರವರೆಗೆ ಅಲ್ಲಿ ಶೋಧ ನಡೆಸಿತು. 1954ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ವಿಧಿವತ್ತಾಗಿ ಉತ್ಖನನ ಮಾಡಿತು. ಮುದಗಲ್ಲಿನ ಬಳಿಯ ಪಿಕ್ಕಳಿಹಾಳವನ್ನು 1952ರಲ್ಲಿ ಅಗೆಸಿದ ಆಲ್‌ಚಿನ್, ಉತ್ತರ ಕರ್ನಾಟಕದ ಈ ಕಲ್ಲುಗೆಲಸದ ಕ್ರಮವನ್ನೇ ಪ್ರತ್ಯೇಕ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡನು. ಬಳ್ಳಾರಿಯ ಸಂಗನಕಲ್ಲಿನ ಹಿರೇಗುಡ್ಡದ ಡಾಲರೈಟ್ ಪಟ್ಟಿಯ ಮೇಲಂತೂ ಕೊಡಲಿ ಮಾಡುವ ಕಾರ್ಯಾಗಾರವೇ ಇದ್ದಿತು. ಅಲ್ಲಿಯ ಚಕ್ಕೆಗಳ ರಾಶಿಯನ್ನು ನೋಡಿದವರಿಗೆ, ಒಂದು ಮನೆಯ ಅಗತ್ಯಕ್ಕೆ ಮಾಡಿದ ಕೆಲಸ ಇದಲ್ಲವೆಂಬುದು ಯಾರೂ ಹೇಳದೆ ತಿಳಿಯುತ್ತದೆ.

ಆ ಕೊಡಲಿ ಸಿದ್ಧವಾಗುತ್ತಿದ್ದ ಬಗೆ ಹೀಗೆ. ಮೊದಲು ಡಾಲರೈಟಿನ ತುಂಡನ್ನು ಇನ್ನೊಂದು ಕಲ್ಲಿನಿಂದ ಹೊಡೆದು ದೊಡ್ಡ ಚಕ್ಕೆಗಳನ್ನು ಎಬ್ಬಿಸಿ, ತರುವಾಯ ಸಣ್ಣ ಚಕ್ಕೆಗಳನ್ನು ಎಬ್ಬಿಸಿ ಕೊಡಲಿಯ ಸ್ಥೂಲರೂಪವನ್ನು ತರುವುದು. ಬಳಿಕ ಚಕ್ಕೆ ಎದ್ದ ಏಣುಗಳನ್ನೆಲ್ಲ ಗುಂಡುಕಲ್ಲಿನಿಂದ ಕುಟ್ಟಿ ಕುಟ್ಟಿ ತಗ್ಗಿಸುವುದು. ಆಮೇಲೆ ಹಾಸುಬಂಡೆಯ ಮೇಲೆ ಮರಳನ್ನೂ ನೀರನ್ನೂ ಹಾಕಿಕೊಂಡು ಮಸೆಯುವುದು. ಕೊನೆಗೆ ಇನ್ನೂ ನವುರಾದ ಪುಡಿಯಿಂದ ಬಾಯನ್ನು ಮೆರುಗಿಸುವುದು. ಇಲ್ಲಿಯ ರಹಸ್ಯವಿರುವುದು ಮರಳಿನಲ್ಲಿ. ಮರಳೆಂದರೆ ಬಹುಪಾಲು ಬೆಣಚುಕಲ್ಲಿನ ಕಣ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಂಡದಲ್ಲಿ ಅದರ ಸ್ಥಾನ 7. ಡಾಲರೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಪೈರಾಕ್ಸೀನುಗಳದು 6ರ ಆಸುಪಾಸು. ಆದುದರಿಂದ ಹಳ್ಳದ ಮರಳು ಆ ಕರಿಗಲ್ಲನ್ನು ಕೆರೆಯಬಲ್ಲುದು. ನಿಧಾನವಾಗಿ, ಆದರೆ ನಿಶ್ಚಯವಾಗಿ. ಹಿರೇಗುಡ್ಡದಂಥ ನೆಲೆಗಳ ಬಂಡೆಗಳ ಮೇಲೆ ಹೀಗೆ ಮಸೆದು ಮಸೆದು ಬಿದ್ದ ನೀಳವಾದ ತಗ್ಗುಗಳು ಈಗಲೂ ಕಾಣಸಿಗುತ್ತವೆ.

ಇಷ್ಟೆಲ್ಲ ಪ್ರಯಾಸಪಟ್ಟವನು ಇಡೀ ಕೊಡಲಿಯನ್ನು ಮಿರುಗಿಸಿದನೆ? ಬಹುಮಟ್ಟಿಗೆ ಇಲ್ಲ. ಅನೇಕ ಕೊಡಲಿಗಳಲ್ಲಿ ಬಾಯಿಯೂ ಅದರ ಹಿಂದಣ ಒಂದಿಷ್ಟು ಭಾಗವೂ ಮಾತ್ರ ನುಣ್ಣಗಿದ್ದು, ಮಡದ ಕಡೆ ಕುಟ್ಟಿದ ಗುರುತುಗಳು ಹಾಗೆಯೇ ಉಳಿದಿವೆ. ಮಡ ಒರಟಾಗಿದ್ದರೆ ಕಾವಿನಲ್ಲಿ ಅದು ಬಿಗಿಯಾಗಿ ಕೂರುತ್ತದೆ, ನುಣ್ಣಗಿದ್ದರೆ ಜಾರುತ್ತದೆ. ಬಾಯಿ ನುಣ್ಣಗಿದ್ದರೆ ಮರದೊಳಕ್ಕೆ ತೊಡಕಿಲ್ಲದೆ ಇಳಿಯುತ್ತದೆ. ಮಾತ್ರವಲ್ಲ, ಗೀರಿನ ಬುಡದಿಂದಲೇ ಕಲ್ಲಿನಲ್ಲಿ ಬಿರುಕು ಹೊರಡುವುದಾದ್ದರಿಂದ ಗೀರಿಲ್ಲದ ಬಾಯಿ ಬೇಗನೆ ಸಿಡಿಯುವುದಿಲ್ಲ. ಹೊಳಪು ಎಲ್ಲಿ ಬೇಕು, ಎಲ್ಲಿ ಬೇಡ ಎಂಬ ವಿವೇಚನೆಯ ವಿಷಯದಲ್ಲಿ ಆ ಅಜ್ಞಾತ ಕುಶಲಿಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ನಮ್ಮ ಹಟ್ಟಿ ಮನೆಗಳ ಬೀಸುವ ಕಲ್ಲಿಗೂ ಇದೇ ನ್ಯಾಯ, ಆದರೆ ತಿರುವುಮುರುವಾಗಿ. ಜೋಳ ಬೀಸಿ ಬೀಸಿ ಕಲ್ಲಿನ ಮೈ ನುಣ್ಣಗಾದರೆ ಕಾಳು ಒಡೆಯದೆ ಹಾಗೆಯೇ ಜಾರಿ ಹೊರಬೀಳುತ್ತದೆ; ಕಲ್ಲು ಕುಟ್ಟುವವನು ಓಣಿಗೆ ಬಂದಾಗ ಅದನ್ನು ಮತ್ತೆ ಉಳಿಯಿಂದ ಕುಟ್ಟಿಸಿ ಒರಟು ಮಾಡಿಸಿಕೊಳ್ಳುವುದು ಅವ್ವಂದಿರಿಗೆ ಅನಿವಾರ್ಯವಾಗಿದ್ದಿತು. ಒರಟು ಎಂದರೆ ಅಪೂರ್ಣ, ನುಣುಪು ಎಂದರೆ ಪೂರ್ಣ ಎಂದು ಬಗೆಯುವುದು ಅಂಗಡಿಯ ಕಪಾಟಿನ ಮುಂದೆ ನಿಂತವರ ಅಭಿಪ್ರಾಯವೇ ಹೊರತು ಕೆಲಸ ಮಾಡುವವರದಲ್ಲ.

ಇನ್ನು ಹೊಳಪೆಂದರೆ ಏನು ಎಂಬುದನ್ನು ತುಸು ವಿಚಾರಿಸಬೇಕು. ಮೈಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚೆದರಿದರೆ ಅದು ಮಂಕಾಗಿ ಕಾಣುತ್ತದೆ. ಬಿದ್ದ ಕೋನದಲ್ಲಿಯೇ ಒಟ್ಟಾಗಿ ಹಿಂದಿರುಗಿದರೆ ಹೊಳೆಯುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದ ಮಿಲಿಮೀಟರಿನ ಸಾವಿರದ ಒಂದು ಭಾಗದಲ್ಲಿ, ಎಂದರೆ ಒಂದು ಮೈಕ್ರಾನಿನಲ್ಲಿ, ಸರಿಸುಮಾರು ಅರ್ಧ. ಮೇಲ್ಮೈಯ ತಗ್ಗುದಿನ್ನೆಗಳು ಇದಕ್ಕಿಂತ ಸಾಕಷ್ಟು ಸಣ್ಣವಾದಾಗ ಮಾತ್ರ ಬೆಳಕು ಅವುಗಳನ್ನು ಲೆಕ್ಕಿಸದೆ ಮರಳುತ್ತದೆ. ಬಣ್ಣದ ಕೆಲಸದವರು ಬಳಸುವ 400 ನಂಬರಿನ ಉಜ್ಜುಕಾಗದದಲ್ಲಿನ ಕಣದ ಗಾತ್ರ ಸುಮಾರು 35 ಮೈಕ್ರಾನು. 2000 ನಂಬರಿನದರಲ್ಲಿ ಸುಮಾರು 10. ಕಣದ ಗಾತ್ರಕ್ಕಿಂತ ಅದು ಮಾಡುವ ಗೀರು ಬಹಳ ಸಣ್ಣದೇ ಆದರೂ, ಬೆರಳಿಗೆ ಸಂಪೂರ್ಣ ನುಣುಪೆನ್ನಿಸಿದ ಮೈ ಕಣ್ಣಿಗೆ ಇನ್ನೂ ಮಂಕಾಗಿಯೇ ಇರುವುದು ಈ ಕಾರಣದಿಂದ. ಬೆರಳಿನ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಸುಲಭ. ಬೆಳಕಿನ ಪರೀಕ್ಷೆ ಅದಕ್ಕಿಂತ ಎಷ್ಟೋ ಪಾಲು ಕಠಿಣ.

ಮಸೆಯುವುದಕ್ಕೂ ಮೆರುಗಿಸುವುದಕ್ಕೂ ಇರುವ ವ್ಯತ್ಯಾಸ ಬರಿಯ ಪ್ರಮಾಣದ್ದೋ, ಪ್ರಕಾರದ್ದೋ ಎಂಬುದು ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ. ತನ್ನ ದೂರದರ್ಶಕದ ದರ್ಪಣವನ್ನು ತಾನೇ ಉಜ್ಜಿ ಮೆರುಗಿಸಿದ ನ್ಯೂಟನ್, ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗುವುದೇ ಹೊಳಪು ಎಂದು ಬಗೆದಿದ್ದನು. 1901ರಲ್ಲಿ ಈ ವಿಷಯವಾಗಿಯೇ ಲಂಡನಿನಲ್ಲಿ ಉಪನ್ಯಾಸವಿತ್ತ ಲಾರ್ಡ್ ರೇಲೀ ಸೂಕ್ಷ್ಮದರ್ಶಕದ ಕೆಳಗೆ ಬೇರೊಂದು ಸಂಗತಿಯನ್ನು ಕಂಡನು: ಮಸೆದ ಗಾಜನ್ನು ಮೆರುಗಿಸತೊಡಗಿದಾಗ ದಿಬ್ಬಗಳ ನೆತ್ತಿಗಳು ಮೊದಲಿಗೇ ಪೂರ್ಣವಾಗಿ ಹೊಳೆಯುತ್ತವೆ, ತಗ್ಗುಗಳು ಹಾಗೆಯೇ ಮಂಕಾಗಿರುತ್ತವೆ, ಕೆಲಸ ಸಾಗಿದಂತೆ ಹೊಳೆಯುವ ನೆತ್ತಿಗಳು ಅಗಲವಾಗುತ್ತ ಹೋಗಿ ತಗ್ಗುಗಳು ಮಾಯವಾಗುತ್ತವೆ. ಮಸೆಯುವಿಕೆಯು ವಸ್ತುವನ್ನು ಚೂರುಚೂರಾಗಿ ಒಡೆದು ತೆಗೆಯುತ್ತದೆ. ಮೆರುಗಿಸುವಿಕೆಯಾದರೋ ಅಣುಪ್ರಮಾಣದಲ್ಲಿ ಸವೆಸುತ್ತದೆ ಎಂಬುದು ಆತನ ನಿಲುವಾಗಿದ್ದಿತು. ಕೈಗೆಲಸದವನಿಗೆ ಇದರಿಂದ ದೊರೆಯುವ ಪಾಠ ಒಂದೇ: ಆಳವಾದ ಗೀರನ್ನು ಮೆರುಗಿನ ಪುಡಿಯಿಂದ ತೆಗೆಯಲು ಹೋಗಬಾರದು, ಅದನ್ನು ಅದಕ್ಕಿಂತ ಒಂದೇ ಮೆಟ್ಟಿಲು ನವುರಾದ ಕಣದಿಂದ ತೆಗೆದು, ಆ ಕಣದ ಗೀರನ್ನು ಇನ್ನೊಂದು ಮೆಟ್ಟಿಲು ನವುರಾದುದರಿಂದ ತೆಗೆಯುತ್ತ ಇಳಿಯಬೇಕು. ಮೆಟ್ಟಿಲು ಹಾರಿದವನು ಕೊನೆಗೆ ಹೊಳೆಯುವ ಗೀರುಗಳ ಒಡೆಯನಾಗುತ್ತಾನೆ.

ಈ ಇಳಿಕೆಯನ್ನು ಯಂತ್ರದಲ್ಲಿ ನೋಡಬೇಕೆನ್ನುವವರು ಇಳಕಲ್ಲಿನವರೆಗೆ ಹೋದರೆ ಸಾಕು. ಸೀರೆಗೆ ಹೆಸರಾದ ಆ ಊರಿನ ಕೆಂಪು ಗ್ರಾನೈಟ್ ದೇಶವಿದೇಶಗಳಿಗೆ ಹೋಗುವುದು ಮಿರುಗುವ ಚಪ್ಪಡಿಗಳಾಗಿ. ಗ್ರಾನೈಟಿನಲ್ಲಿ ಬೆಣಚು ತಾನೇ ಇರುವುದರಿಂದ ಹಳ್ಳದ ಮರಳು ಇಲ್ಲಿ ಸೋಲುತ್ತದೆ. 1890ರ ದಶಕದಲ್ಲಿ ಅಮೆರಿಕದ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ತಯಾರಿಸಿದ ಕಾರ್ಬೊರಂಡಂ, ಅದರ ಜೊತೆಗೆ ಈಗ ಕೃತಕ ವಜ್ರದ ಪುಡಿ, ಇವೇ ಇಂದಿನ ಮರಳು. ನೀರು ಸುರಿಯುತ್ತಿರಲು ಒಂದಕ್ಕಿಂತ ಒಂದು ನವುರಾದ ಮಸೆಗಟ್ಟಿಗಳು ಸರದಿಯಂತೆ ತಿರುಗಿ, ಮೊದಲು ಮಂಕು ಬೂದಿಯಂತಿದ್ದ ಚಪ್ಪಡಿಯ ಒಳಗಿನ ಕೆಂಪು ಮೆಲ್ಲನೆ ಮೇಲೇಳುತ್ತದೆ. ಬಣ್ಣವನ್ನು ಯಾರೂ ಸೇರಿಸಿರುವುದಿಲ್ಲ; ಚೆದರಿದ ಬಿಳಿಬೆಳಕಿನ ಮುಸುಕು ಸರಿದುದರಿಂದ ಇದ್ದ ಬಣ್ಣವೇ ಕಾಣತೊಡಗಿತು, ಅಷ್ಟೆ. ಕಲ್ಲು ಏನನ್ನೂ ಪಡೆದುಕೊಳ್ಳದೆ, ಕಳೆದುಕೊಳ್ಳುವುದರಿಂದಲೇ ಹೊಳೆಯುವ ವಸ್ತು. ಸರ್ಫ್ ಹಲಗೆಯ ಹಾದಿ ಇದಲ್ಲ.

ಕರ್ನಾಟಕದಲ್ಲಿ ಸರ್ಫ್ ಕ್ರೀಡೆ ಬೇರೂರಿದುದು ಮೂಲ್ಕಿಯಲ್ಲಿ, ಶಾಂಭವಿ ನದಿ ಕಡಲು ಸೇರುವ ಎಡೆಯಲ್ಲಿ. ಅಲ್ಲಿಯ ಆಶ್ರಮವೊಂದರ ಆಶ್ರಯದಲ್ಲಿ 2004ರಲ್ಲಿ ಹುಟ್ಟಿದ ಮಂತ್ರ ಸರ್ಫ್ ಕ್ಲಬ್ ದೇಶದಲ್ಲಿಯೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. 2016ರಲ್ಲಿ ಅದರ ನೆರೆಯ ಸಸಿಹಿತ್ಲು ಕಡಲತೀರದಲ್ಲಿ ರಾಷ್ಟ್ರಮಟ್ಟದ ಮುಕ್ತ ಸ್ಪರ್ಧೆಯೂ ನಡೆಯಿತು. ಅಲ್ಲಿ ಕಾಣುವ ಹಲಗೆಗಳು ಮರದವಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯದಲ್ಲಿ ಫೈಬರ್ ಗ್ಲಾಸೂ ಪಾಲಿಯೆಸ್ಟರ್ ರೆಸಿನ್ನೂ ಬಳಕೆಗೆ ಬಂದು, 1958ರ ಸುಮಾರಿಗೆ ಹೋಬೀ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಎಂಬವರು ಪಾಲಿಯುರೆಥೇನ್ ನೊರೆಯ ಗಟ್ಟಿಯನ್ನು ಒಳತಿರುಳಾಗಿ ಬಳಸುವ ಕ್ರಮವನ್ನು ರೂಢಿಗೆ ತಂದಂದಿನಿಂದ, ಹಗುರವಾದ ನೊರೆಯ ತಿರುಳು, ಅದರ ಮೇಲೆ ಗಾಜಿನ ನೂಲಿನ ಬಟ್ಟೆ, ಬಟ್ಟೆಯನ್ನು ತೋಯಿಸಿ ಗಟ್ಟಿಯಾದ ರೆಸಿನ್, ಇದೇ ಹಲಗೆಯ ಶರೀರರಚನೆಯಾಗಿದೆ.

ಈ ಪಾಲಿಯೆಸ್ಟರ್ ರೆಸಿನ್ನಿಗೆ ಒಂದು ವಿಚಿತ್ರ ಸ್ವಭಾವವಿದೆ. ಅಗಸೆ ಎಣ್ಣೆ ಒಣಗಬೇಕಾದರೆ ಗಾಳಿ ಬೇಕು. ಇದಕ್ಕೆ ಗಾಳಿಯೇ ವೈರಿ. ಗಾಳಿಯಲ್ಲಿರುವ ಆಮ್ಲಜನಕವು ಅಣುಗಳು ಸರಪಳಿಗಟ್ಟುವುದನ್ನು ತಡೆಯುವುದರಿಂದ, ಒಳಗೆಲ್ಲ ಕಲ್ಲಾದರೂ ಮೇಲ್ಪದರ ಅಂಟಂಟಾಗಿಯೇ ಉಳಿಯುತ್ತದೆ. ಬಟ್ಟೆಯನ್ನು ಕೂರಿಸುವ ಮೊದಲ ಪದರಕ್ಕೆ ಈ ಅಂಟು ಉಪಕಾರಿ. ಮುಂದಿನ ಪದರ ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಎರಡನೆಯ ಪದರದ ರೆಸಿನ್ನಿಗಾದರೋ ಸ್ವಲ್ಪ ಮೇಣವನ್ನು ಕರಗಿಸಿ ಬೆರೆಸಿರುತ್ತಾರೆ. ಗಟ್ಟಿಯಾಗುವಾಗ ಆ ಮೇಣ ತೇಲಿ ಮೇಲಕ್ಕೆ ಬಂದು ಗಾಳಿಗೆ ಬಾಗಿಲು ಹಾಕುತ್ತದೆ, ಮೈ ಪೂರ್ತಿ ಗಡಸಾಗುತ್ತದೆ, ಉಜ್ಜಲು ಬರುತ್ತದೆ. ಇದನ್ನು ಉಜ್ಜಿ ಸಮಗೊಳಿಸಿ ಅಲ್ಲಿಗೆ ನಿಲ್ಲಿಸಿದ ಹಲಗೆಯೇ ಮಂಕುಮೈಯ ಹಲಗೆ. ಇದರ ಮೇಲೆ ಇನ್ನೊಂದು ತೆಳ್ಳನೆಯ ರೆಸಿನ್ ಪದರವನ್ನೆಳೆದು, ಅದನ್ನೂ ಉಜ್ಜಿ ಮೆರುಗಿಸಿದರೆ ಹೊಳಪಿನ ಹಲಗೆ.

ಮಂಕು ಹಲಗೆಯನ್ನೇ ಇನ್ನಷ್ಟು ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರೆ ಹೊಳಪು ಬಾರದೆ ಎಂದು ಕೇಳುವವರುಂಟು. ಒಂದಿಷ್ಟು ಬರುತ್ತದೆ, ಸುಳ್ಳಲ್ಲ. ಆದರೆ ಉಜ್ಜಿದ ಹಲಗೆಯ ಮೈಯಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ, ಅಲ್ಲಲ್ಲಿ ಗಾಜಿನ ಬಟ್ಟೆಯ ನೇಯ್ಗೆ ಹೊರಗಿಣುಕಿರುತ್ತದೆ. ಅವುಗಳನ್ನು ಸವೆಸಿ ತೆಗೆಯಹೊರಟರೆ ಮೊದಲು ಸವೆಯುವುದು ಹಲಗೆಯ ಬಲವೇ ಆಗಿರುವ ಬಟ್ಟೆ. ಇಳಕಲ್ಲಿನ ಚಪ್ಪಡಿಗೆ ಆಳಕ್ಕಿಳಿಯಲು ಬೇಕಾದಷ್ಟು ಕಲ್ಲಿದೆ. ಇಲ್ಲಿ ಇರುವುದು ಕಾಗದದಷ್ಟು ದಪ್ಪದ ರೆಸಿನ್. ಆದಕಾರಣ ತಗ್ಗನ್ನು ದಿನ್ನೆಯ ಮಟ್ಟಕ್ಕೆ ತುಂಬಿಸದೆ ಬೇರೆ ದಾರಿಯಿಲ್ಲ. ಈಚೆಗೆ ಗ್ರಾನೈಟ್ ಕಾರ್ಖಾನೆಗಳಲ್ಲಿಯೂ ಬಿರುಕುಬಿಟ್ಟ ಚಪ್ಪಡಿಗಳಿಗೆ ಎಪಾಕ್ಸಿ ರೆಸಿನ್ ತುಂಬಿ ಆಮೇಲೆ ಮೆರುಗಿಸುವ ಪದ್ಧತಿ ಬಂದಿರುವುದನ್ನು ನೋಡಿದರೆ, ಕಲ್ಲೂ ಕೂಡ ಹಲಗೆಯ ಹಾದಿಯನ್ನು ಹಿಡಿಯುತ್ತಿದೆಯೆಂದು ನಗಬೇಕಾಗುತ್ತದೆ.

ಕೆಲಸ ಆರಂಭವಾಗುವುದು ಶುದ್ಧಿಯಿಂದ. ಸರ್ಫ್ ಮಾಡುವವರು ಕಾಲು ಜಾರದಿರಲೆಂದು ಹಲಗೆಯ ಮೇಲ್ಮೈಗೆ ಮೇಣವನ್ನು ಬಳಿದಿರುತ್ತಾರೆ. ಅದನ್ನು ಹೆರೆದು ತೆಗೆದು, ಉಳಿದ ಜಿಡ್ಡನ್ನು ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ, ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸುತ್ತ, ಪೂರ್ತಿ ಒರೆಸಬೇಕು. ಒಂದು ಬೆರಳಚ್ಚಿನಷ್ಟು ಎಣ್ಣೆ ಉಳಿದರೂ ಹೊಸ ರೆಸಿನ್ ಅಲ್ಲಿಂದ ಹಿಂದೆಗೆದು ಸುತ್ತಲೂ ಉಂಗುರಗಟ್ಟಿ ನಿಲ್ಲುತ್ತದೆ. ಹಲಗೆಗೆ ಪೆಟ್ಟು ಬಿದ್ದು ಒಡಕಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಒಳಗೆ ನೀರಿಳಿದಿದ್ದರೆ ಒಣಗುವವರೆಗೆ ಕಾಯಬೇಕು. ಕಾರ್ಖಾನೆಯವರು ಮೇಲೆ ಅಕ್ರಿಲಿಕ್ ಬಣ್ಣ ಸಿಂಪಡಿಸಿದ್ದರೆ ಅದನ್ನೂ ಉಜ್ಜಿ ತೆಗೆಯಬೇಕು. ಇನ್ನೂ ಮುಖ್ಯವಾದುದು, ಹಲಗೆ ಪಾಲಿಯೆಸ್ಟರಿನದೋ ಎಪಾಕ್ಸಿಯದೋ ಎಂದು ಖಚಿತಮಾಡಿಕೊಳ್ಳುವುದು: ಗಟ್ಟಿಯಾದ ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ.

ತರುವಾಯ, ಹೊಳಪಿಸಬೇಕೆಂದು ಹೊರಟವನು ಹಲಗೆಯ ಮೈಯನ್ನು 100ರಿಂದ 150 ನಂಬರಿನ ಒರಟು ಕಾಗದದಿಂದ ಗೀರಬೇಕು. ಅತಿ ನುಣುಪಾದ ಮೈಯನ್ನು ಹೊಸ ಪದರ ಕಚ್ಚಿಕೊಳ್ಳುವುದಿಲ್ಲ. ಅದಕ್ಕೆ ಕಾಲೂರಲು ಗೀರು ಬೇಕು. ಆ ಗೀರುಗಳನ್ನು ರೆಸಿನ್ ತುಂಬಿಕೊಂಡೊಡನೆ, ಬೆಳಕನ್ನು ಬಾಗಿಸುವ ಗುಣ (ವಕ್ರೀಭವನಾಂಕ) ಎರಡರದೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಅವು ಕಣ್ಣಿಗೆ ಇಲ್ಲವಾಗುತ್ತವೆ. ಧೂಳನ್ನು ಒರೆಸಿ, ಅಂಚಿನ ನಡುಗೆರೆಗೆ ಟೇಪು ಅಂಟಿಸಿ, ಒಂದು ಬಾರಿಗೆ ಒಂದೇ ಮಗ್ಗುಲನ್ನು ತೆಗೆದುಕೊಳ್ಳುತ್ತಾರೆ. ರೆಸಿನ್ನನ್ನು ಸೋಸಿ, ಹಾರ್ಡನರನ್ನು ನೂರಕ್ಕೆ ಒಂದರಿಂದ ಎರಡರ ಪ್ರಮಾಣದಲ್ಲಿ, ಆ ದಿನದ ಸೆಕೆಯನ್ನು ನೋಡಿಕೊಂಡು ಬೆರೆಸಿ, ಅಗಲವಾದ ಮೆತ್ತನೆಯ ಬ್ರಷ್ಷಿನಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಮತ್ತೆ ಉದ್ದಕ್ಕೊಮ್ಮೆ ಎಳೆದು ಕೈ ತೆಗೆದುಬಿಡಬೇಕು. ಅಲ್ಲಿಂದ ಮುಂದೆ ಅದನ್ನು ಮುಟ್ಟದಿರುವುದೇ ವಿದ್ಯೆ. ಸಮಗೊಳ್ಳುವ ಕೆಲಸವನ್ನು ದ್ರವವು ತಾನೇ ಮಾಡಿಕೊಳ್ಳುತ್ತದೆ. ಬಲ್ಲವರು ಇದಕ್ಕೆ ಆರಿಸಿಕೊಳ್ಳುವುದು ತಂಪು ಇಳಿಯುತ್ತಿರುವ ಸಂಜೆಯನ್ನು. ಬೆಳಿಗ್ಗೆ ಬಿಸಿಲೇರುತ್ತಿರುವಾಗ ನೊರೆಯ ತಿರುಳಿನೊಳಗಿನ ಗಾಳಿ ಹಿಗ್ಗಿ, ಇರುವ ರಂಧ್ರಗಳ ಮೂಲಕ ಮೇಲೆದ್ದು ಹಸಿ ರೆಸಿನ್ನಿನಲ್ಲಿ ಗುಳ್ಳೆಗಳನ್ನೆಬ್ಬಿಸುತ್ತದೆ. ಸಂಜೆಯ ತಂಪಿನಲ್ಲಿ ಅದೇ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೆ ಸೆಳೆಯುತ್ತದೆ. ರೆಸಿನ್ನಿನ ಹಬೆಯೂ ಉಜ್ಜಿದ ಧೂಳೂ ಶ್ವಾಸಕೋಶಕ್ಕೆ ಕೇಡು. ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ತಕ್ಕ ಮುಖವಾಡ ಕನ್ನಡಕಗಳಿಲ್ಲದೆ, ಗಾಳಿಯಾಡದ ಕೋಣೆಯಲ್ಲಿ ಈ ಕೆಲಸಕ್ಕೆ ಕೈಹಾಕುವುದು ಧೈರ್ಯವಲ್ಲ, ಅವಿವೇಕ.

ಪದರ ಪೂರ್ಣವಾಗಿ ಗಡಸಾದ ಮೇಲೆ ಹಿಂದೆ ಹೇಳಿದ ಮೆಟ್ಟಿಲುಗಳ ಇಳಿಕೆ. ಬಣ್ಣದವರು ವಾಟರ್ ಪೇಪರ್ ಎನ್ನುವ ಕಾಗದವನ್ನು ನೀರಿನಲ್ಲಿ ನೆನೆಸಿ, 400ರಿಂದ ತೊಡಗಿ 600, 1000, 1500 ಎಂದು ಸಾಗುವುದು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಕೈಯ ದಿಕ್ಕನ್ನು ಬದಲಿಸಿದರೆ ಹಿಂದಿನ ಮೆಟ್ಟಿಲಿನ ಗೀರು ಉಳಿದಿದೆಯೋ ಇಲ್ಲವೋ ಎಂಬುದು ಕೂಡಲೇ ಗೊತ್ತಾಗುತ್ತದೆ. ಬಳಿಕ ರಬ್ಬಿಂಗ್ ಕಾಂಪೌಂಡ್, ಉಣ್ಣೆಯ ಬಫ್. ಯಂತ್ರವನ್ನು ಒಂದೇ ಎಡೆಯಲ್ಲಿ ನಿಲ್ಲಿಸಿದರೆ ಕಾವಿಗೆ ರೆಸಿನ್ ಸುಡುತ್ತದೆ. ಅಂಚುಗಳಲ್ಲಿ ಒತ್ತಿದರೆ ಪದರ ಹರಿದು ಕೆಳಗಿನ ನೇಯ್ಗೆ ಬಯಲಾಗುತ್ತದೆ, ಬಯಲಾಯಿತೆಂದರೆ ಎಲ್ಲವೂ ಮೊದಲಿನಿಂದ.

ಇಷ್ಟು ಕಷ್ಟಪಟ್ಟು ಮಿರುಗಿಸಿದ ಹಲಗೆ ನೀರಿನ ಮೇಲೆ ಹೆಚ್ಚು ವೇಗವಾಗಿ ಹೋಗುವುದೆ? ಕಡಲತೀರದಲ್ಲಿ ಮುಗಿಯದ ಜಗಳವಿದು. ಮಂಕುಮೈಯೇ ವೇಗವೆಂದು ಸಾಧಿಸುವವರೂ ಇದ್ದಾರೆ. ಚಲಿಸುವ ವಸ್ತುವಿಗೆ ತಗುಲಿದಂತೆ ತೆಳ್ಳನೆಯ ನೀರಿನ ಪೊರೆಯೊಂದು ಅದರೊಡನೆಯೇ ಸಾಗುತ್ತದೆಂಬುದನ್ನು ಜರ್ಮನಿಯ ಪ್ರಾಂಟಲ್ 1904ರಲ್ಲಿ ತೋರಿಸಿಕೊಟ್ಟನು. ಮೈಮೇಲಿನ ಗೀರುಗಳು ಆ ಪೊರೆಯ ತಳದ ಪದರದೊಳಗೆ ಮುಳುಗಿಹೋಗುವಷ್ಟು ಸಣ್ಣವಾಗಿದ್ದರೆ ಹರಿವಿಗೆ ಅವು ಇದ್ದೂ ಇಲ್ಲದಂತೆ. ಚೆನ್ನಾಗಿ ಉಜ್ಜಿದ ಹಲಗೆಯ ಗೀರುಗಳು ಅಂಥವೇ. ಹೀಗಾಗಿ ವೇಗದ ವಾದದಲ್ಲಿ ಎರಡು ಪಕ್ಷಗಳಿಗೂ ಹೆಚ್ಚಿನ ಹುರುಳಿಲ್ಲವೆಂಬುದು ನನ್ನ ಎಣಿಕೆ. ಹೊಳಪಿನ ಪದರದ ನಿಜವಾದ ಗುಣ ಬೇರೆ: ಅದು ರಂಧ್ರಗಳನ್ನು ಮುಚ್ಚಿ ನೀರನ್ನು ತಡೆಯುತ್ತದೆ, ಕೊಳೆ ಕೂರಗೊಡುವುದಿಲ್ಲ, ಹಲಗೆಯ ಬಾಳಿಕೆಯನ್ನು ಹೆಚ್ಚಿಸುತ್ತದೆ. ದೋಷವೆಂದರೆ ತೂಕ, ವೆಚ್ಚ, ವ್ಯವಧಾನ. ಅಲ್ಲದೆ ಹೀಗೆ ಮಿರುಗಿಸಿದ ಮೇಲ್ಭಾಗಕ್ಕೆ ಸವಾರನು ಮರುದಿನವೇ ಕಾಲು ನಿಲ್ಲಲೆಂದು ಮೇಣ ಬಳಿದು ತರಿತರಿ ಮಾಡಿಕೊಳ್ಳುತ್ತಾನೆ. ಮಡವನ್ನು ಒರಟಾಗಿಯೇ ಬಿಟ್ಟ ನವಶಿಲಾಯುಗದವನು ಇದನ್ನು ನೋಡಿದ್ದರೆ ಆ ಶ್ರಮವನ್ನು ಉಳಿಸಿಕೊಳ್ಳಬಾರದಿತ್ತೆ ಎಂದು ಕೇಳುತ್ತಿದ್ದನೇನೋ. ಬೇಗನೆ ಮುರಿಯುವ, ಬೇಗನೆ ಬದಲಾಗುವ ಸ್ಪರ್ಧೆಯ ಚಿಕ್ಕ ಹಲಗೆಗೆ ಉಜ್ಜಿದ ಮೈಯೇ ಸಾಕು. ಹತ್ತಾರು ವರ್ಷ ಇಟ್ಟುಕೊಳ್ಳಬೇಕೆಂಬ ಉದ್ದನೆಯ ಹಲಗೆಗೆ ಹೊಳಪಿನ ಪದರ ಸಾರ್ಥಕ.

ಮಸ್ಕಿಯ ಮಾತನ್ನೆತ್ತಿದ ಮೇಲೆ ಇನ್ನೊಂದನ್ನು ಹೇಳದೆ ಬಿಡಲಾಗದು. ಉತ್ತರದಲ್ಲಿ ಚುನಾರದ ಮರಳುಗಲ್ಲಿನ ಸ್ತಂಭಗಳನ್ನೂ ಬರಾಬರದ ಗ್ರಾನೈಟ್ ಗುಹೆಗಳ ಒಳಗೋಡೆಗಳನ್ನೂ ಇಂದಿಗೂ ಹೊಳೆಯುವಂತೆ ಮಿರುಗಿಸಿದ ಮೌರ್ಯರ ಶಿಲ್ಪಿಗಳು, ಮಸ್ಕಿಯ ದುರ್ಗದ ಗುಡ್ಡದಲ್ಲಿ ಶಾಸನ ಬರೆಯುವಾಗ ಬಂಡೆಯನ್ನು ಪ್ರಕೃತಿ ಬಿಟ್ಟ ಹಾಗೆಯೇ ಬಿಟ್ಟರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡುಹಿಡಿದ ಆ ಒರಟು ಬಂಡೆಯ ಮೇಲೆಯೇ ಶಾಸನಗಳ ಪ್ರಿಯದರ್ಶಿಯ ನಿಜನಾಮವಾದ ಅಶೋಕ ಎಂಬುದು ಮೊದಲಬಾರಿಗೆ ಓದುಗರ ಕಣ್ಣಿಗೆ ಬಿದ್ದುದು. ಮಿರುಗುವ ಯಾವ ಸ್ತಂಭವೂ ಆ ಹೆಸರನ್ನು ಹೇಳಿರಲಿಲ್ಲ.

ಕೊನೆಯದಾಗಿ ಈ ಸೀಮೆಯ ರೈತಬಾಂಧವರಲ್ಲಿ ಒಂದು ವಿನಂತಿ. ಬದು ಹಾಕುವಾಗ, ಬೋರು ಕೊರೆಸುವಾಗ, ಗುಡ್ಡದ ಬುಡದ ಮಣ್ಣು ಹೊರಿಸುವಾಗ, ಒಂದು ಕಡೆ ಚೂಪಾಗಿ ನುಣುಪಾದ ಕರಿಗಲ್ಲಿನ ತುಂಡು ಕೈಗೆ ಬಂದರೆ, ಅದರ ಹೊಳಪನ್ನು ನೋಡುವ ಕುತೂಹಲಕ್ಕೆ ಅದನ್ನು ಕಲ್ಲಿಗೋ ಉಜ್ಜುಕಾಗದಕ್ಕೋ ತಿಕ್ಕಬೇಡಿರಿ. ಮರದಡಿಯ ಗುಡಿಯಲ್ಲಿಟ್ಟು ಎಣ್ಣೆ ಎರೆಯಬೇಡಿರಿ. ಅದರ ಬಾಯಿಯ ಮೇಲೆ ಉಳಿದಿರುವ ಕೂದಲೆಳೆಯಂಥ ಗೀರುಗಳ ದಿಕ್ಕನ್ನು ನೋಡಿ, ಅದನ್ನು ಹೇಗೆ ಮಸೆದರು, ಅದರಿಂದ ಮರ ಕಡಿದರೋ ಮಣ್ಣು ಕೆದಕಿದರೋ ಎಂಬುದನ್ನು ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಓದಬಲ್ಲರು. ಒಮ್ಮೆ ಉಜ್ಜಿದ ಮೇಲೆ ಓದಲು ಏನೂ ಉಳಿಯುವುದಿಲ್ಲ. ಸಿಕ್ಕಿದ ಜಾಗವನ್ನು ಗುರುತುಮಾಡಿ, ಪುರಾತತ್ತ್ವ ಇಲಾಖೆಗೋ ಸಮೀಪದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೋ ಸುದ್ದಿ ಮುಟ್ಟಿಸಿರಿ.